ಭಾವ ಡೈರೆಕ್ಟ್ ಕೊಟ್ಟ ಕಾರು

ನಮ್ಮ ಭಾವನಿಗೆ ಬೀದಿಯವರು ಇಟ್ಟ ಹೆಸರು ಬಲ್ಬಣ್ಣ. ಕಾರುಗಳ ವೈರಿಂಗ್ ರಿಪೇರಿ ಅವರ ಕಸುಬು. ಅದರಲ್ಲೂ ಹಳೆಯ ಕಾರುಗಳು, ಬೇರೆಯವರು ಕೈಚೆಲ್ಲಿ ಕಳಿಸಿದವು. ಈಗ ಎಲ್ಲ ಎಲೆಕ್ಟ್ರಿಷಿಯನ್ನರ ಬಳಿಯೂ ಅಂಕಿ ತೋರಿಸುವ ಮೀಟರ್ ಇದೆ. ಭಾವನ ಬಳಿಯೂ ಇದೆ, ಡಬ್ಬಿ ಬಿಚ್ಚದೆ ಕಪಾಟಿನಲ್ಲಿ ಮಲಗಿದೆ. ಅವರು ನಂಬುವುದು ಎರಡು ವೈರು ಸಿಕ್ಕಿಸಿದ ಒಂದು ಪುಟ್ಟ ಬಲ್ಬನ್ನು. ಕರೆಂಟ್ ಇದ್ದರೆ ಹತ್ತುತ್ತದೆ, ಇಲ್ಲದಿದ್ದರೆ ಇಲ್ಲ. ಯಾರಾದರೂ ಛೇಡಿಸಿದರೆ, "ಮೀಟರ್ ಓದೋಕೆ ಕನ್ನಡಕ ಬೇಕು, ಬಲ್ಬಿಗೆ ಬೇಡ" ಎಂದು ಮತ್ತೆ ಕೆಲಸಕ್ಕೆ ಬಗ್ಗಿಬಿಡುತ್ತಾರೆ.

ನಾನು ಅವರ ಹೆಂಡತಿಯ ತಂಗಿ. ಕಾರಿನ ಸೀಟುಗಳಿಗೆ ಕವರ್ ಹೊಲಿಯುತ್ತೇನೆ. ನನ್ನ ಅಂಗಡಿಗೂ ಅವರ ಅಂಗಡಿಗೂ ನಡುವೆ ಒಂದೇ ಒಂದು ತಗಡಿನ ಗೋಡೆ. ಆಚೆ ಅವರು ಕೆಮ್ಮಿದರೆ ಅದು ನೆಗಡಿಯ ಕೆಮ್ಮೋ, ಗಿರಾಕಿಯನ್ನು ಸಾಗಹಾಕುವ ಕೆಮ್ಮೋ ಎಂದು ಈಚೆಯಿಂದಲೇ ಹೇಳಬಲ್ಲೆ. ನನಗೆ ಬಾಯಿ ಜಾಸ್ತಿ ಎಂದು ಅಕ್ಕನ ದೂರು. ದಿನಕ್ಕೆ ಹತ್ತು ಮಾತಾಡುವ ಗಂಡನನ್ನು ಕಟ್ಟಿಕೊಂಡವಳಿಗೆ ಯಾರ ಬಾಯಿಯಾದರೂ ಜಾಸ್ತಿಯೇ.

ಇಂಥ ಭಾವನಿಗೆ ಒಂದು ಕಾಟವಿತ್ತು. ಕೆಲಸದ ನಡುವೆ ಇದ್ದಕ್ಕಿದ್ದಂತೆ ತಲೆಯೆತ್ತಿ ಗಾಳಿ ಮೂಸುತ್ತಿದ್ದರು.

"ವಾಸನೆ ಬರ್ತಿದ್ಯೇನೇ?"

"ಯಾವ ವಾಸನೆ ಭಾವ?"

"ವೈರ್ ಸುಡೋ ವಾಸನೆ."

ಯಾವ ವಾಸನೆಯೂ ಇರುತ್ತಿರಲಿಲ್ಲ. ಆದರೂ ಅವರು ಎದ್ದು, ಎದುರಿಗಿದ್ದ ಕಾರಿನ ಬ್ಯಾಟರಿ ವೈರು ಕಳಚಿ, ಇಂಚಿಂಚು ಮೂಸಿ ನೋಡಿ ಬರುತ್ತಿದ್ದರು. ಊಟಕ್ಕೆ ಕೂತಾಗಲೂ ಅಷ್ಟೆ, ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಡಾಕ್ಟರು ಮೂಗಿಗೆ ಟಾರ್ಚ್ ಹಿಡಿದು ನೋಡಿ ಏನೂ ಇಲ್ಲವೆಂದರು. ಪಾಪ, ಅಕ್ಕ ಮನೆಯ ಸ್ವಿಚ್ಚುಗಳನ್ನೆಲ್ಲ ಒಂದೊಂದಾಗಿ ಮೂಸುವುದನ್ನು ಕಲಿತಳು. ಅವಳಿಗೆ ಕಾರಣ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಅದನ್ನು ಹೇಳುವ ಮೊದಲು ಫ್ಯೂಸಿನ ಬಗ್ಗೆ ಒಂದು ಮಾತು ಹೇಳಬೇಕು. ಫ್ಯೂಸ್ ಎಂದರೆ ಒಂದು ತೆಳು ತಂತಿ, ಅಷ್ಟೆ. ಎಲ್ಲೋ ವೈರು ಸವೆದು ಕಾರಿನ ತಗಡಿಗೆ ತಾಗಿ ಕರೆಂಟ್ ಮಿತಿಮೀರಿ ಹರಿದರೆ, ಅದು ಮೊದಲು ತಾನು ಕರಗಿ ದಾರಿ ಕಡಿದುಬಿಡುತ್ತದೆ. ಅದು ಸತ್ತರೆ ಕಾರು ಉಳಿಯುತ್ತದೆ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಆ ಸವೆದ ಜಾಗವನ್ನು ಹುಡುಕಬೇಕು, ಅದಕ್ಕೆ ಕೆಲವೊಮ್ಮೆ ಅರ್ಧ ದಿನ ಹಿಡಿಯುತ್ತದೆ. ಅಷ್ಟು ಪುರುಸೊತ್ತು ಯಾವ ಗಿರಾಕಿಗಿದೆ? ಹಾಗಾಗಿ ಈ ಕಸುಬಿನವರು ಫ್ಯೂಸನ್ನು ತಪ್ಪಿಸಿ ಒಂದು ದಪ್ಪ ತಂತಿಯನ್ನು ನೇರವಾಗಿ ಕಟ್ಟಿ ಕಳಿಸಿಬಿಡುತ್ತಾರೆ. ಇದಕ್ಕೆ ಡೈರೆಕ್ಟ್ ಕೊಡುವುದು ಎನ್ನುತ್ತಾರೆ.

ಭಾವ ಇದರಲ್ಲಿ ಎತ್ತಿದ ಕೈ. ಬೇರೆಯವರು ಫ್ಯೂಸಿನ ಜಾಗದಲ್ಲೇ ತಂತಿ ತುರುಕುತ್ತಿದ್ದರು. ಗಿರಾಕಿ ಅದನ್ನು ಕಂಡು ಹೆದರುತ್ತಿದ್ದ. ಭಾವ ಫ್ಯೂಸ್ ಪೆಟ್ಟಿಗೆಯ ಹಿಂದೆ ಕೈ ತೂರಿಸಿ, ಯಾರ ಕಣ್ಣಿಗೂ ಬೀಳದ ಹಾಗೆ ಒಳಗಿನಿಂದ ಒಳಗೇ ಜೋಡಿಸುತ್ತಿದ್ದರು. ಮುಂದುಗಡೆ ಹೊಸ ಫ್ಯೂಸ್ ನೆಟ್ಟಗೆ ಕೂತಿರುತ್ತಿತ್ತು, ಕೆಲಸವಿಲ್ಲದೆ ಸಂಬಳ ಎಣಿಸುವ ಗುಮಾಸ್ತನ ಹಾಗೆ. ಹತ್ತು ನಿಮಿಷದಲ್ಲಿ ಕಾರು ಹೊರಗೆ. ಆಗ ನಾವೆಲ್ಲ ಅದನ್ನು ಜಾಣತನ ಎಂದುಕೊಂಡಿದ್ದೆವು.

ಹತ್ತೊಂಬತ್ತು ವರ್ಷದ ಹಿಂದೆ ಒಂದು ಸಂಜೆ ಒಂದು ಬಿಳಿ ಕಾರು ಬಂತು. ಗಂಡ, ಹೆಂಡತಿ, ಹಿಂದಿನ ಸೀಟಿನಲ್ಲಿ ನಾಲ್ಕೈದು ವರ್ಷದ ಮಗು. ಹೆಡ್‌ಲೈಟಿನ ಫ್ಯೂಸ್ ನಿಲ್ಲುತ್ತಿಲ್ಲ, ಇನ್ನೂ ತುಂಬಾ ದೂರ ಹೋಗಬೇಕು, ದಾರಿಯಲ್ಲಿ ಕತ್ತಲಾಗುತ್ತದೆ ಎಂದು ಗಂಡಸು ಹೇಳಿದ. ಭಾವ, "ವೈರ್ ಎಲ್ಲಿ ತಾಗ್ತಿದೆ ನೋಡ್ಬೇಕು, ಎರಡು ಗಂಟೆ ಆಗುತ್ತೆ, ಕೂತ್ಕೊಳ್ಳಿ" ಎಂದರು. ಹಾಗೆಂದೇ ಹೇಳಿದರು, ನನ್ನ ಕಿವಿಯಾರೆ ಕೇಳಿದ್ದೇನೆ. ನಡುವೆ ಬಾಯಿ ಹಾಕಿದವಳು ನಾನು. ಅವತ್ತು ನನ್ನ ಮೊದಲ ದೊಡ್ಡ ಹೊಲಿಗೆ ಮಷಿನ್ ತರಲು ಭಾವನ ಜೊತೆ ಹೋಗಬೇಕಿತ್ತು. ಮಷಿನ್ ಅಂಗಡಿ ಏಳು ಗಂಟೆಗೆ ಮುಚ್ಚುತ್ತಿತ್ತು.

"ಭಾವ, ಡೈರೆಕ್ಟ್ ಕೊಟ್ಟು ಕಳ್ಸಿ. ವಾಪಸ್ ಬರೋವಾಗ ತೋರಿಸ್ತಾರೆ ಬಿಡಿ."

ಭಾವ ನನ್ನ ಮುಖ ನೋಡಿದರು. ಗಿರಾಕಿಯ ಮುಖ ನೋಡಿದರು. ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿ, "ಬರೋವಾಗ ತಪ್ಪದೆ ಬನ್ನಿ" ಎಂದು ಕಳಿಸಿದರು. ಕಾರು ಹೊರಟಾಗ ಆ ಮಗು ಗಾಜಿಗೆ ಮೂಗು ಒತ್ತಿಕೊಂಡು ನನ್ನನ್ನೇ ನೋಡುತ್ತಿತ್ತು.

ಅವರು ಬರಲಿಲ್ಲ. ಮೂರನೆಯ ದಿನ ಪೇಪರಿನಲ್ಲಿ ಸುದ್ದಿ ಬಂತು: ಹೆದ್ದಾರಿಯಲ್ಲಿ ಬಿಳಿ ಕಾರಿಗೆ ಬೆಂಕಿ, ಮಗುವೂ ಸೇರಿ ಒಳಗಿದ್ದ ಮೂವರು ಹೊರಬರಲಾಗಲಿಲ್ಲ, ವೈರಿಂಗ್ ದೋಷವಿರಬಹುದೆಂಬ ಅನುಮಾನ. ಹೆಸರುಗಳಿದ್ದವು, ಆದರೆ ನಮ್ಮ ಗಿರಾಕಿಯ ಹೆಸರನ್ನು ನಾವು ಕೇಳಿರಲೇ ಇಲ್ಲ. ನಂಬರ್ ಪ್ಲೇಟನ್ನೂ ನೋಡಿರಲಿಲ್ಲ. ಹೋಗಿ ವಿಚಾರಿಸಬಹುದಿತ್ತು. ಪೊಲೀಸರು ಹೌದು ಎಂದುಬಿಟ್ಟರೆ? ನಾನೂ ಹೋಗಲಿಲ್ಲ, ಭಾವನೂ ಹೋಗಲಿಲ್ಲ.

ಅಂದಿನಿಂದ ಭಾವ ಯಾರಿಗೂ ಡೈರೆಕ್ಟ್ ಕೊಡಲಿಲ್ಲ. ಗಿರಾಕಿಗಳು ಬೈದುಕೊಂಡು ಬೇರೆ ಕಡೆ ಹೋದರು, ಹೋಗಲಿ ಎಂದರು. "ನೀನು ಹೇಳಿದ್ದಕ್ಕೆ ಹೀಗಾಯ್ತು" ಎಂದು ಒಂದು ದಿನ, ಒಂದೇ ಒಂದು ದಿನ ಅವರು ನನಗೆ ಬೈದಿದ್ದರೆ ನನ್ನ ಎದೆ ಹಗುರವಾಗುತ್ತಿತ್ತು. ಆ ಮನುಷ್ಯ ತುಟಿ ಪಿಟಕ್ಕೆನ್ನಲಿಲ್ಲ. ನಾನು ಅದೇ ಮಷಿನ್ನಿನ ಮುಂದೆ ಕೂತು ಹೊಟ್ಟೆ ಹೊರೆದೆ. ಯಾವುದಾದರೂ ಕಾರಿನ ಹಿಂದಿನ ಸೀಟಿನ ಅಳತೆ ತೆಗೆಯಲು ಬಗ್ಗಿದರೆ, ಯಾರೋ ಈಗಷ್ಟೇ ಅಲ್ಲಿಂದ ಎದ್ದುಹೋದರು ಅನ್ನಿಸುತ್ತಿತ್ತು. ಸೀಟು ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಬಿಸಿಲಿಗೆ ನಿಂತ ಕಾರು ಬೆಚ್ಚಗಿರದೆ ತಣ್ಣಗಿರುತ್ತದೆಯೇ ಎಂದು ನನಗೆ ನಾನೇ ಗದರಿಕೊಳ್ಳುತ್ತಿದ್ದೆ.

ಹೋದ ತಿಂಗಳು ಒಂದು ಬೆಳಿಗ್ಗೆ ದಟ್ಟ ಮಂಜು. ಬೀದಿಯ ಆ ತುದಿಯಿಂದ ಒಂದು ಹಾರ್ನ್ ಬಾಯಿ ಮುಚ್ಚದೆ ಕೂಗುತ್ತಾ ಬಂತು. ಎದುರಿನ ಟೈರ್ ಅಂಗಡಿಯವನು, "ದಾರಿ ಬಿಡ್ರಪ್ಪಾ, ಮಂತ್ರಿಗಳು ಬಂದ್ರು" ಎಂದ. ಮಂಜಿನಿಂದ ಹೊರಬಂದದ್ದು ಒಂದು ಹಸಿರು ಬಣ್ಣದ ಹಳೆಯ ಕಾರು. ಇಳಿದವಳು ಇಪ್ಪತ್ತನಾಲ್ಕರ ಆಸುಪಾಸಿನ ಹುಡುಗಿ, ರಕ್ತಪರೀಕ್ಷೆ ಮಾಡುವ ಲ್ಯಾಬಿನ ಬಿಳಿ ಕೋಟು ತೊಟ್ಟಿದ್ದಳು. ಲೈಟ್ ಆರಿಸಿದೊಡನೆ ಹಾರ್ನ್ ನಿಂತಿತು.

"ಲೈಟ್ ಹಾಕಿದ್ರೆ ಹಾರ್ನ್ ತಾನೇ ಹೊಡ್ಕೊಳ್ಳುತ್ತೆ ಅಂಕಲ್," ಎಂದಳು. "ಮೂರು ಜನ ನೋಡಿದ್ರು. ಹಾರ್ನ್ ಬದಲಾಯಿಸಿದ್ರು, ಸ್ವಿಚ್ ಬದಲಾಯಿಸಿದ್ರು. ಕೊನೇವ್ರು, ಕಾರಲ್ಲಿ ಏನೋ ಸೇರ್ಕೊಂಡಿದೆ, ಮಾರಿಬಿಡಿ ಅಂದ್ರು."

"ಮಾರಿದ್ರೆ ಅವ್ರೇ ತಗೊಳ್ತಾರಂತಾ?" ಎಂದು ನಾನು ಕೇಳಿದೆ. ಹುಡುಗಿ ನಕ್ಕಳು.

ಭಾವ ನಗಲಿಲ್ಲ. "ಲೈಟ್ ಆಫೇ ಇರ್ಲಿ. ಈಗ ಹಾರ್ನ್ ಒತ್ತಿ," ಎಂದರು. ಅವಳು ಒತ್ತಿದಳು. ಹಾರ್ನಿನ ಜೊತೆಗೆ ಎರಡೂ ಹೆಡ್‌ಲೈಟು ಮಂಕಾಗಿ ಮಿನುಗಿದವು.

"ಕಂಡ್ಯಾ?" ಎಂದರು ನನಗೆ.

"ಕಂಡೆ. ಕಣ್ಣು ಹೊಡೀತು."

"ದೆವ್ವನೂ ಇಲ್ಲ, ಗಿವ್ವನೂ ಇಲ್ಲ. ಲೈಟಿನ ವೈರು ಹಾರ್ನಿನ ವೈರು ಎಲ್ಲೋ ಅಂಟ್ಕೊಂಡಿವೆ. ಬಾ, ಬಲ್ಬ್ ಹಿಡಿ."

ಬಲ್ಬ್ ಹಿಡಿಯುವುದು ಯಾವಾಗಲೂ ನನ್ನ ಕೆಲಸ. ಭಾವ ಹಾರ್ನಿನಿಂದ ಅದರ ವೈರು ಕಳಚಿದರು. ನಾನು ಆ ವೈರಿನ ತುದಿಗೆ ಬಲ್ಬಿನ ಒಂದು ಕಾಲು ತಾಗಿಸಿ, ಇನ್ನೊಂದನ್ನು ಕಾರಿನ ತಗಡಿಗೆ ಒತ್ತಿ ಹಿಡಿದೆ. ಹುಡುಗಿ ಲೈಟ್ ಹಾಕಿದಳು. ಹಾರ್ನ್ ಯಾರೂ ಒತ್ತದೆಯೇ ನನ್ನ ಕೈಯಲ್ಲಿ ಬಲ್ಬ್ ಹತ್ತಿತು. ಬರಬಾರದ ಕರೆಂಟ್ ಬರುತ್ತಿದೆ ಎಂದಾಯಿತು. ಇನ್ನು ಎಲ್ಲಿಂದ ಎಂದು ಹುಡುಕಬೇಕು. ಭಾವ ವೈರುಗಳ ಕಟ್ಟನ್ನು ಗೇಣು ಗೇಣಾಗಿ ಹಿಡಿದು ಅಲುಗಿಸುತ್ತಾ ಹೋದರು. ಅಲುಗಿಸಿದಾಗ ಎಲ್ಲಿ ಬಲ್ಬ್ ಕಣ್ಣು ಮಿಟುಕಿಸುತ್ತದೋ ಅಲ್ಲಿದೆ ರೋಗ.

"ಹತ್ತಿದೆ... ಹತ್ತಿದೆ... ಹತ್ತಿದೆ," ಎನ್ನುತ್ತಿದ್ದೆ ನಾನು. ಇಂಜಿನ್ನಿಗೂ ಜನ ಕೂರುವ ಜಾಗಕ್ಕೂ ನಡುವಿನ ತಗಡಿನಲ್ಲಿ ವೈರುಗಳು ತೂರಿಬರುವ ಒಂದು ತೂತಿರುತ್ತದೆ. ಭಾವನ ಕೈ ಅಲ್ಲಿಗೆ ಬಂತು. "ಆರಿತು. ಹತ್ತಿತು. ಮತ್ತೆ ಆರಿತು ಭಾವ, ಅಲ್ಲೇ."

ಭಾವ ತೂತಿನ ಅಂಚಿಗೆ ಬೆರಳಾಡಿಸಿದರು. ವೈರನ್ನು ತಗಡು ಕೊಯ್ಯದಿರಲೆಂದು ಹಾಕಿರಬೇಕಾದ ರಬ್ಬರ್ ಅಲ್ಲಿರಲಿಲ್ಲ. "ಟೇಪ್ ಬಿಚ್ಬೇಕು. ಮೊದ್ಲು ಲೈಟಿನ ಫ್ಯೂಸ್ ತೆಗೀತೀನಿ," ಎಂದು ಒಳಗೆ ಹೋಗಿ ಬಗ್ಗಿದರು. ನಾನು ಕಾರಿನ ಮುಂದೆಯೇ ನಿಂತಿದ್ದೆ.

"ಲೈಟ್ ಹೋಯ್ತಾ?"

"ಇಲ್ಲ."

"ಸರಿಯಾಗಿ ನೋಡೇ."

"ಕಣ್ಣಿಗೇ ಹೊಡೀತಿದೆ ಭಾವ, ಎರಡೂ ಉರೀತಿವೆ."

ಭಾವ ಇನ್ನೊಂದು ಫ್ಯೂಸ್ ಕಿತ್ತರು, ಮತ್ತೊಂದು ಕಿತ್ತರು. ಎಲ್ಲವನ್ನೂ ಕಿತ್ತು ಪಕ್ಕದ ಸೀಟಿನ ಮೇಲೆ ಸಾಲಾಗಿ ಇಟ್ಟರು. ಪೆಟ್ಟಿಗೆಯಲ್ಲಿ ಒಂದೂ ಫ್ಯೂಸ್ ಇಲ್ಲ, ಲೈಟುಗಳು ಮಾತ್ರ ಮಂಜಿನೊಳಕ್ಕೆ ದಿಟ್ಟಿಸಿಕೊಂಡು ಉರಿಯುತ್ತಲೇ ಇದ್ದವು. ಯಾರೋ ಹಿಂದಿನಿಂದ ಡೈರೆಕ್ಟ್ ಕೊಟ್ಟಿದ್ದಾರೆ. ಯಾರೆಂದು ಆಗಿನ್ನೂ ಬಾಯಿಬಿಟ್ಟು ಹೇಳಿಕೊಳ್ಳಲು ಧೈರ್ಯವಿರಲಿಲ್ಲ.

ಭಾವ ಹೊರಬಂದರು. ಮುಖದಲ್ಲಿ ರಕ್ತವೇ ಇರಲಿಲ್ಲ. "ಈ ಕಾರು ಯಾರದಮ್ಮ?" ಎಂದು ಹುಡುಗಿಯನ್ನು ಕೇಳಿದರು.

"ನಮ್ಮಪ್ಪಂದು. ನಾನು ಹುಟ್ಟೋಕೆ ಮುಂಚೇನೇ ತಗೊಂಡಿದ್ದು. ಈಗ ಅಪ್ಪಂಗೆ ಕಣ್ಣು ಮಂಜು, ನನಗೆ ಈ ಊರಲ್ಲಿ ಕೆಲ್ಸ ಸಿಕ್ತು ಅಂತ ಕೊಟ್ರು."

"ಬಣ್ಣ ಇದೇ ಇತ್ತಾ?"

"ಬಿಳಿ ಇತ್ತು. ಹಸಿರು ಮಾಡ್ಸಿದ್ದು ನಮ್ಮಮ್ಮ."

"ಲೈಟಿನ ಕೆಲ್ಸ ಯಾವಾಗಾದ್ರೂ..."

"ಇಲ್ಲ ಅಂಕಲ್. ನಾನು ಚಿಕ್ಕವಳಿದ್ದಾಗ ಅಜ್ಜಿ ಮನೆಗೆ ಹೋಗೋ ದಾರೀಲಿ ಯಾರೋ ಮಾಡ್ಕೊಟ್ಟಿದ್ರಂತೆ. ಎಲ್ಲಿ ಅಂತ ಗೊತ್ತಿಲ್ಲ. ಅದಾದ್ಮೇಲೆ ಒಂದು ಸಲಾನೂ ಫ್ಯೂಸ್ ಹೋಗಿಲ್ಲ. ಅದಕ್ಕೇ ವಾಪಸ್ ತೋರಿಸೋ ಯೋಚ್ನೇನೇ ಬರ್ಲಿಲ್ವಂತೆ. ನಮ್ಮಪ್ಪ ಇವತ್ತಿಗೂ ಹೇಳ್ತಾರೆ, ಕೈಗುಣ ಅಂದ್ರೆ ಅವನದು ಅಂತ."

ಹೋಗಲು ಆ ಫ್ಯೂಸಿಗೆ ಕೆಲಸ ಎಲ್ಲಿತ್ತು ತಾಯಿ? ನಾನು ಮನಸ್ಸಿನಲ್ಲೇ ಅಂದುಕೊಂಡೆ. ಭಾವ ಬ್ಯಾಟರಿ ಕಳಚಿ, ಮತ್ತೆ ಒಳಗೆ ಬಗ್ಗಿ, ಫ್ಯೂಸ್ ಪೆಟ್ಟಿಗೆಯ ಹಿಂದೆ ಕೈ ತೂರಿಸಿದರು. ಕಣ್ಣು ಮುಚ್ಚಿಕೊಂಡಿದ್ದರು. ಕೈ ಹೊರಬಂದಾಗ ಅದರಲ್ಲಿ ಬೆರಳುದ್ದದ ದಪ್ಪ ತಂತಿಯಿತ್ತು. ಭಾವ ಎಡಚರು. ಬೇರೆಯವರು ವೈರು ಹೊಸೆಯುವುದು ಒಂದು ಕಡೆಗಾದರೆ ಅವರದು ಇನ್ನೊಂದು ಕಡೆಗೆ. ನನ್ನ ಹೊಲಿಗೆಯನ್ನು ನಾನು ಗುರುತಿಸುವ ಹಾಗೆ ಅವರ ಹೊಸೆತವನ್ನೂ ಗುರುತಿಸಬಲ್ಲೆ. ತಂತಿಯ ಎರಡೂ ತುದಿಯಲ್ಲಿ ಆ ತಿರುವೇ ಇತ್ತು.

"ಅಪ್ಪ ಅಮ್ಮ ಚೆನ್ನಾಗಿದಾರಾ?" ಎಂದು ಹುಡುಗಿಯನ್ನು ಕೇಳಿದೆ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು.

"ಚೆನ್ನಾಗಿದಾರೆ ಆಂಟಿ. ಯಾಕೆ?"

ಯಾಕೆ ಎಂದು ಏನು ಹೇಳಲಿ? ತಗಡಿನ ಗೋಡೆಯ ಈಚೆ ಬಂದು, ಬಾಯಿಗೆ ಸೀಟಿನ ಬಟ್ಟೆ ತುರುಕಿಕೊಂಡು ಅತ್ತೆ. ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು. ಹತ್ತೊಂಬತ್ತು ವರ್ಷದಿಂದ ಸೀಟುಗಳಲ್ಲಿ ಕೂತೆದ್ದು ಕಾಡಿದ ಮಗು, ಬಿಳಿ ಕೋಟು ತೊಟ್ಟು ನನ್ನ ಅಂಗಡಿಯ ಎದುರು ನಿಂತು ಮೊಬೈಲ್ ನೋಡುತ್ತಿತ್ತು.

ಟೇಪ್ ಬಿಚ್ಚಿದಾಗ ನಾನೂ ಹೋಗಿ ನೋಡಿದೆ. ಒಂದು ಗೇಣು ಉದ್ದಕ್ಕೆ ವೈರುಗಳ ಹೊದಿಕೆ ಕರಗಿ ಕರ್ರಗೆ ಒಂದೇ ಮುದ್ದೆಯಾಗಿತ್ತು. ಅದರೊಳಗೆ ಲೈಟಿನ ತಾಮ್ರವೂ ಹಾರ್ನಿನ ತಾಮ್ರವೂ ಮುಟ್ಟಿಕೊಂಡಿದ್ದವು. ಯಾವತ್ತೋ ಆ ವೈರು ಕೆಂಡದಷ್ಟು ಕಾದಿದೆ. ತಗಡಿಗೆ ತಾಗಿದ ಎಳೆಗಳು ಹೇಗೋ ತಾವೇ ಸುಟ್ಟು ಉದುರಿದ್ದರಿಂದ ಅಲ್ಲಿಗೆ ನಿಂತಿದೆ. ನಾಲ್ಕು ಎಳೆ ಹೆಚ್ಚಿದ್ದರೆ ನಿಲ್ಲುತ್ತಿರಲಿಲ್ಲ ಎಂದು ಭಾವ ಹುಡುಗಿಗೆ ತೋರಿಸಿದರು.

"ಇದನ್ನ ಮಾಡಿದ್ದು ನಾನೇ ಕಣಮ್ಮ. ಕೈಗುಣ ಅಲ್ಲ, ತಪ್ಪು ಕೆಲ್ಸ. ಅಪ್ಪಂಗೆ ಹೇಳು."

ಹುಡುಗಿಗೆ ಅದು ದೊಡ್ಡದಾಗಿ ಕಾಣಲಿಲ್ಲ. "ಬಿಡಿ ಅಂಕಲ್, ಏನೂ ಆಗಿಲ್ವಲ್ಲ. ಅಪ್ಪಂಗೆ ನೀವು ಸಿಕ್ಕಿದ್ರಿ ಅಂತ ಹೇಳ್ತೀನಿ, ಖುಷಿ ಪಡ್ತಾರೆ," ಎಂದಳು. ಭಾವ ಸಂಜೆಯವರೆಗೆ ಕೂತು ಹೊಸ ವೈರು ಎಳೆದು, ರಬ್ಬರ್ ಹಾಕಿ, ಫ್ಯೂಸಿಗೆ ಅದರ ಕೆಲಸವನ್ನು ವಾಪಸ್ ಕೊಟ್ಟರು. ಹುಡುಗಿ ಲೈಟ್ ಹಾಕಿಕೊಂಡು ಸದ್ದಿಲ್ಲದೆ ಹೋದಳು.

ನಾನು ಎರಡು ಲೋಟ ಚಹಾ ತಂದೆ. ಕುಣಿದಾಡುವುದೊಂದು ಬಾಕಿ. "ಭಾವ, ಮೂರೂ ಜನ ಗಟ್ಟಿಮುಟ್ಟಾಗಿದಾರೆ. ನಾವು ಸುಮ್ಮನೆ ಇಷ್ಟು ವರ್ಷ ಸತ್ವಲ್ಲ," ಎಂದೆ. ಭಾವ ಲೋಟ ಹಿಡಿದು ನೆಲ ನೋಡುತ್ತಿದ್ದರು.

"ಹಾಗಾದ್ರೆ ಸುಟ್ಟಿದ್ದು ಯಾವ್ದು?" ಎಂದರು.

ನನಗೆ ಪಿತ್ತ ನೆತ್ತಿಗೇರಿತು. "ಯಾವ್ದೋ. ಪ್ರಪಂಚಕ್ಕೆ ನೀವೊಬ್ರೇ ಎಲೆಕ್ಟ್ರಿಷಿಯನ್ನಾ? ದೇವ್ರು ಕಣ್ಣು ಬಿಟ್ಟು ಆ ಮಗೂನ ಮುಂದೆ ತಂದು ನಿಲ್ಸಿದಾನೆ. ಇನ್ನೂ ಏನು ಬೇಕು ನಿಮಗೆ?"

"ಅವತ್ತಿಗಿಂತ ಮುಂಚೆ ಹನ್ನೊಂದು ವರ್ಷ ಕೆಲ್ಸ ಮಾಡಿದೀನಿ ಕಣೇ. ವಾರಕ್ಕೆ ಒಂದಾದ್ರೂ ಡೈರೆಕ್ಟ್ ಕೊಟ್ಟಿದೀನಿ. ಬಿಳೀವು ಎಷ್ಟಿದ್ವೋ. ಆ ಒಂದು ಕಾರನ್ನೇ ನೆನೆಸ್ಕೊಂಡು ಕೊರಗ್ತಾ ಕೂತೆ. ಮಿಕ್ಕವು ಓಡಾಡ್ತಾನೇ ಇದ್ವು, ಒಂದನ್ನೂ ಕರೆದು ನೋಡ್ಲಿಲ್ಲ."

ಇಷ್ಟು ವರ್ಷ ನುಂಗಿಕೊಂಡದ್ದು ತಾನಾಗಿ ಬಾಯಿಗೆ ಬಂತು. "ಡೈರೆಕ್ಟ್ ಕೊಡಿ ಅಂದೋಳು ನಾನು ಭಾವ. ನನ್ನನ್ನ ಬೈರಿ."

ಅವರು ನನ್ನನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ. "ನೀನು ಹೇಳಿದ್ದು ಅದೊಂದಕ್ಕೆ. ಮಿಕ್ಕವಕ್ಕೆಲ್ಲ ಯಾರೂ ಹೇಳಿರ್ಲಿಲ್ಲ," ಎಂದು ಲೋಟ ಕೆಳಗಿಟ್ಟು ಎದ್ದರು.

ಮಾರನೆಯ ದಿನ ಭಾವ ಅಂಗಡಿ ತೆರೆಯಲಿಲ್ಲ. ಹತ್ತು ಗಂಟೆಗೆ ಟೈರ್ ಅಂಗಡಿಯವನು ಬಂದು, "ನಿಮ್ಮ ಭಾವ ರೈಲ್ವೆ ಸ್ಟೇಷನ್ ಎದುರು ಹಳೇ ಟ್ಯಾಕ್ಸಿಗಳ ಬಾನೆಟ್ ಎತ್ತಿಸ್ತಾ ಇದಾರೆ, ತಲೆ ಕೆಟ್ಟಿದ್ಯಾ ಅಂತ ಜನ ಕೇಳ್ತಿದಾರೆ," ಎಂದ. ಕತ್ತರಿ ಬಿಸಾಕಿ ಹೊರಟೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ಅರವತ್ತರ ಹತ್ತಿರ ಬಂದ ಮನುಷ್ಯ, ನಡುಬೀದಿಯಲ್ಲಿ ಮಾನ ಕಳೆಯುವುದೇ? ಕೈ ಹಿಡಿದು ಎಳೆದುಕೊಂಡು ಬರುತ್ತೇನೆ ಎಂದುಕೊಂಡೇ ಹೋದೆ.

ಟ್ಯಾಕ್ಸಿಗಳು ಸಾಲಾಗಿ ನಿಂತಿದ್ದವು. ಮೂರು ಮುಗಿದಿದ್ದವು, ಮೂರರಲ್ಲೂ ಏನೂ ಇರಲಿಲ್ಲ. ಭಾವ ನಾಲ್ಕನೆಯದರ ಒಳಗೆ ಮಂಡಿಯೂರಿದ್ದರು. ಅದರ ಚಾಲಕ ಬಾಗಿಲಿಗೆ ಒರಗಿ, "ಪುಕ್ಕಟೆ ನೋಡ್ತೀನಿ ಅಂದ್ರು, ನೋಡ್ಲಿ ಬಿಡಿ ಅಕ್ಕಾ," ಎಂದು ನಗುತ್ತಿದ್ದ.

"ಭಾವ, ಏಳಿ. ಮನೆಗೆ ಹೋಗೋಣ," ಎಂದೆ.

ಅವರು ಎಡಗೈ ಹೊರಗೆ ಚಾಚಿದರು. ಫ್ಯೂಸ್ ಪೆಟ್ಟಿಗೆಯ ಹಿಂದಿನಿಂದ ಬಂದ ದಪ್ಪ ತಂತಿ ಅಂಗೈಯಲ್ಲಿತ್ತು. ಹೊಸೆದದ್ದು ಯಾರೆಂದು ನಾನು ಕೇಳಬೇಕಾಗಿರಲಿಲ್ಲ.

ಚಾಲಕ ಬಗ್ಗಿ ನೋಡಿದ. "ಇದೇನಿದು? ನಾನು ತಗೊಂಡಾಗ್ಲಿಂದ ಇದಕ್ಕೆ ವೈರಿಂಗ್ ಕೆಲ್ಸನೇ ಬಂದಿಲ್ಲ. ಗಟ್ಟಿ ಗಾಡಿ ಅಕ್ಕಾ, ದಿನಾ ಬೆಳಿಗ್ಗೆ ಏಳು ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಬರ್ತೀನಿ."

ಹಿಂದಿನ ಸೀಟಿನ ಮೇಲೆ ಒಂದು ಪುಟ್ಟ ನೀರಿನ ಬಾಟಲಿ ಮರೆತುಹೋಗಿ ಬಿದ್ದಿತ್ತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಬೈಗುಳಗಳಲ್ಲಿ ಒಂದೂ ನೆನಪಾಗಲಿಲ್ಲ. ಭಾವ ಆ ಕಾರಿನ ವೈರು ಸವೆದ ಜಾಗ ಹುಡುಕಲು ಮತ್ತೆ ಬಗ್ಗಿದರು. ನಾನು ಐದನೆಯ ಕಾರಿನ ಚಾಲಕನ ಹತ್ತಿರ ಹೋಗಿ ಬಾನೆಟ್ ಎತ್ತಲು ಹೇಳಿದೆ.